ಪದಚರ್ಚೆ: ಟೆಕ್ಸಾಸ್ ಗಾಂಜಾ ಕಾನೂನಿನ ಕರಪತ್ರಕ್ಕೆ ಮೂರು ಪದ ಬೇಕು (ಶುಕ್ರವಾರದೊಳಗೆ)

ನಮಸ್ಕಾರ. ಟೆಕ್ಸಾಸ್‌ಗೆ ಓದಲು ಬರುವ ಕನ್ನಡದ ಮಕ್ಕಳಿಗೂ ಅವರ ತಂದೆತಾಯಿಗೂ ಕೊಡುವ ಕರಪತ್ರ ಶುಕ್ರವಾರ ಅಚ್ಚಿಗೆ ಹೋಗುತ್ತದೆ. ತೊಡಕಿರುವುದು ಈ ಸಾಲುಗಳಲ್ಲಿ:

‘2 ಔನ್ಸ್‌ವರೆಗೆ (ಸುಮಾರು 56.7 ಗ್ರಾಂ) ಗಾಂಜಾ ಇಟ್ಟುಕೊಂಡಿದ್ದರೆ ಬಿ ವರ್ಗದ ಲಘು ಅಪರಾಧ, 180 ದಿನದವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ. 4 ಔನ್ಸ್‌ವರೆಗೆ ಎ ವರ್ಗ. 1 ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ. ಅದನ್ನು ದಾಟಿದರೆ ಘೋರ ಅಪರಾಧ. ಶಿಕ್ಷೆಯಾದರೆ ವೀಸಾಕ್ಕೆ ತೊಂದರೆ.’

ಲಘು, ಘೋರ, ಶಿಕ್ಷೆ: ಮೂರೂ ಸರಿಯೇ?

*

ಮೂರೂ ಬೇಡ. ಲಘು ಅಂದರೆ ನಮ್ಮವರು ಪೆಟ್ಟಿ ಕೇಸು, ಸ್ಥಳದಲ್ಲೇ ದಂಡ ಕಟ್ಟಿ ಬರುವುದು ಎಂದುಕೊಳ್ಳುತ್ತಾರೆ. ಟೆಕ್ಸಾಸ್‌ನಲ್ಲಿ ಕೈಗೆ ಕೋಳ ಬೀಳಬಹುದು. ಘೋರ ಅಂದರೆ ಕೊಲೆ, ಅತ್ಯಾಚಾರ. ಲಘುವಿಗೆ ಮಿಸ್‌ಡಿಮೀನರ್, ಘೋರಕ್ಕೆ ಫೆಲನಿ ಎಂದೇ ಕನ್ನಡ ಲಿಪಿಯಲ್ಲಿ ಬರೆದು ಮುಂದೆ ವಿವರಣೆ ಕೊಡಿ. ನಾಳೆ ಪೊಲೀಸರೂ ವಕೀಲರೂ ಬಾಯಲ್ಲಿ ಹೇಳುವುದು ಇವೇ ಪದ.

‘ಶಿಕ್ಷೆ’ಯಂತೂ ಅಪಾಯ. ನೀವು ಹೇಳಹೊರಟದ್ದು ಕನ್ವಿಕ್ಷನ್, ಅಂದರೆ ಅಪರಾಧ ನಿರ್ಣಯ. ಟೆಕ್ಸಾಸ್‌ನಲ್ಲಿ ತಪ್ಪೊಪ್ಪಿಕೊಂಡವರ ತೀರ್ಪನ್ನು ತಡೆಹಿಡಿದು ಕೆಲಕಾಲ ನಿಗಾದಲ್ಲಿಟ್ಟು, ಷರತ್ತು ಪಾಲಿಸಿದರೆ ಕೇಸು ಮುಗಿಸುವ ಪದ್ಧತಿಯಿದೆ. ರಾಜ್ಯದ ಲೆಕ್ಕದಲ್ಲಿ ಅದು ಕನ್ವಿಕ್ಷನ್ ಅಲ್ಲ, ಅಮೆರಿಕ ಕೇಂದ್ರದ ವಲಸೆ ಕಾನೂನಿನ ಲೆಕ್ಕದಲ್ಲಿ ಹೌದು. ‘ಶಿಕ್ಷೆಯಾದರೆ’ ಎಂದು ಓದಿದ ಹುಡುಗ ನನಗೇನೂ ಶಿಕ್ಷೆ ಆಗಿಲ್ಲವಲ್ಲ ಎಂದು ವಕೀಲರನ್ನು ಕೇಳದೆ ಒಪ್ಪಿಕೊಂಡು ಬಂದರೆ ವೀಸಾ ಹೋಯಿತು.

*

ಮತ್ತೆ ಇಂಗ್ಲಿಶನ್ನೇ ತುರುಕುವುದಾದರೆ ಕರಪತ್ರ ಕನ್ನಡದಲ್ಲಿ ಯಾಕೆ? ಕಿರುತಪ್ಪು, ಹಿರಿತಪ್ಪು. ಮುಗಿಯಿತು. ಗಾಂಜಾ ಸಹ ಬೇಕಿಲ್ಲ, ನಮ್ಮದೇ ‘ಬಂಗಿ’ ಇದೆ. ಬಂಗಿಸೊಪ್ಪು ಹಳ್ಳಿಯವರಿಗೂ ತಿಳಿಯುತ್ತದೆ.

*

ಬಂಗಿ ಸಂಸ್ಕೃತ ಭಂಗಾ ಶಬ್ದದ ತದ್ಭವ, ಮಹಾಪ್ರಾಣ ಬಿದ್ದಿದೆ ಅಷ್ಟೆ. ಅದಿರಲಿ, ಬಂಗಿ ಎಲೆ, ಗಾಂಜಾ ಹೂತೆನೆ. ನಮ್ಮ 1985ರ ಎನ್‌ಡಿಪಿಎಸ್ (ಮಾದಕವಸ್ತು) ಕಾಯ್ದೆಯೇ ತೆನೆಯಿಲ್ಲದ ಬರೀ ಎಲೆ, ಬೀಜವನ್ನು ಗಾಂಜಾದಿಂದ ಹೊರಗಿಟ್ಟಿದೆ. ಕರಪತ್ರದಲ್ಲಿ ಬಂಗಿ ಹಾಕಿದರೆ ಶಿವರಾತ್ರಿಯ ಪಾನಕ ಎಂದುಕೊಂಡಾರು.

ಇನ್ನೊಂದು ಯಾರೂ ಎತ್ತಲಿಲ್ಲ. ಟೆಕ್ಸಾಸ್ ಕಾನೂನಿನಲ್ಲಿ ಗಿಡ ಬೇರೆ, ಗಿಡದಿಂದ ತೆಗೆದ ಸಾರ ಬೇರೆ. ವೇಪ್ ಪೆನ್ನಿನ ಎಣ್ಣೆ 1 ಗ್ರಾಂಗಿಂತ ಕಡಿಮೆಯಿದ್ದರೂ ನೇರ ಫೆಲನಿ: 180 ದಿನದಿಂದ 2 ವರ್ಷ, 10,000 ಡಾಲರ್‌ವರೆಗೆ ದಂಡ. ಸಾರ ಬೆರೆಸಿದ ಗಮ್ಮಿ ಮಿಠಾಯಿಯಾದರೆ ಸಕ್ಕರೆ, ಜೆಲಾಟಿನ್ ಎಲ್ಲ ಸೇರಿಸಿ ತೂಗುತ್ತಾರೆ. ಹತ್ತು ಮಿಲಿಗ್ರಾಂ ಟಿಎಚ್‌ಸಿ (ಗಾಂಜಾದ ಅಮಲಿನ ಅಂಶ) ಇರುವ ಒಂದೇ ಗಮ್ಮಿ 4 ಗ್ರಾಂ ತೂಗಿದರೆ 2ರಿಂದ 20 ವರ್ಷದ ಸಾಲಿಗೆ ಬೀಳುತ್ತದೆ. ಎಲ್ಲಕ್ಕೂ ‘ಗಾಂಜಾ’ ಎಂದರೆ ಓದಿದವರು ಮಿಠಾಯಿಗೂ 2 ಔನ್ಸ್ ಲೆಕ್ಕವನ್ನೇ ಹಿಡಿಯುತ್ತಾರೆ. ಗಾಂಜಾ, ಗಾಂಜಾ ಸಾರ ಎಂದು ಎರಡು ಕಡೆ ಬರೆಯಿರಿ.

ಕಿರುತಪ್ಪು ಕಾಗುಣಿತದಲ್ಲಿ ಆಗುವುದು. ಕಾನೂನಿಗೆ ಬೇಡ.

*

‘ಕಾನೂನು’ ಎಲ್ಲಿಯದು? ಅರಬ್ಬಿಯಿಂದ ಬಂದದ್ದು. ಸಂಸ್ಕೃತ, ಪಾರಸಿ, ಇಂಗ್ಲಿಶ್ ಯಾವುದಾದರೂ ಆದೀತು, ಕನ್ನಡ ಕಟ್ಟಿದರೆ ಮಾತ್ರ ನಗು.

*

ನಗುತ್ತಿಲ್ಲ. ವಕೀಲ, ಜಾಮೀನು, ಜುಲ್ಮಾನೆ, ಉತ್ತರ ಕರ್ನಾಟಕದ ಠಾಣೆಗಳ ‘ಗುನ್ನೆ ನಂಬರ್’, ಎಲ್ಲವೂ ಬಂದವೇ, ಜನ ಬಳಸಿ ಉಳಿದವು. ಫೆಲನಿಯೂ ಹಾಗೇ ಉಳಿಯಲಿ. ಜೈಲಿನ ವಿಷಯದಲ್ಲಿ ಪದಕಟ್ಟೋಣದ ಪ್ರಯೋಗ ಮಾಡಬೇಡಿ.

*

ಎಲ್ಲರಿಗೂ ವಂದನೆ. ಮಿಸ್‌ಡಿಮೀನರ್, ಫೆಲನಿ, ಅಪರಾಧ ನಿರ್ಣಯ, ಗಾಂಜಾ ಸಾರ ಹಾಕುತ್ತೇನೆ. ವೀಸಾ ಭಾಗಕ್ಕೆ ಇದು ಸರಿಯೇ: ‘ಸ್ವಂತಕ್ಕೆಂದು ಇಟ್ಟುಕೊಂಡ 30 ಗ್ರಾಂವರೆಗಿನ ಗಾಂಜಾದ ಒಂದೇ ಪ್ರಕರಣಕ್ಕೆ ಗಡೀಪಾರಿನಿಂದ ವಿನಾಯಿತಿ ಇದೆ’?

*

ಗಡೀಪಾರು ಬೇಡ, ಅದು ನಮ್ಮಲ್ಲಿ ರೌಡಿಗಳನ್ನು ಜಿಲ್ಲೆಯಿಂದಾಚೆ ಕಳಿಸುವುದು. ‘ದೇಶದಿಂದ ಹೊರಹಾಕುವುದು’ ಎನ್ನಿ. ಆ ವಿನಾಯಿತಿ ಹೊರಹಾಕುವುದಕ್ಕಷ್ಟೇ; ಊರಿಗೆ ಬಂದು ಮರಳಿ ಒಳಹೋಗುವಾಗ ಅದು ಕಾಯುವುದಿಲ್ಲ. 40 ಗ್ರಾಂ ಸಿಕ್ಕರೆ ಟೆಕ್ಸಾಸ್‌ನಲ್ಲಿ ಕೆಳದರ್ಜೆಯೇ, ಆದರೆ 30 ದಾಟಿತು, ವಿನಾಯಿತಿ ಇಲ್ಲ. ಎರಡನ್ನೂ ಒಂದೇ ಪ್ಯಾರಾದಲ್ಲಿ ಕೊಡಿ. ‘ಬಿ ವರ್ಗ’ವನ್ನು ‘ಬಿ ದರ್ಜೆ’ ಮಾಡಿ, ವರ್ಗ ಅಂದರೆ ಮೀಸಲಾತಿ ನೆನಪಾಗುತ್ತದೆ.