‘ಜಪ್ತಿ’ ಯಾರು ಮಾಡುವುದು?

ಎಲ್ಲರಿಗೂ ನಮಸ್ಕಾರ.

ಕೊಪ್ಪಳದ ಸುತ್ತಲಿನ ಹಳ್ಳಿಗಳಲ್ಲಿ ಸಂಘದ ಸಾಲ ತೆಗೆದ ಹೆಣ್ಣುಮಕ್ಕಳಿಗಾಗಿ ಒಂದು ಹಾಳೆಯ ಕರಪತ್ರ ಬರೆಯುತ್ತಿದ್ದೇನೆ. ಕಂತು ತಪ್ಪಿದಾಗ ವಸೂಲಿಗೆ ಬರುವವರು ಏನು ಮಾಡಬಹುದು, ಏನು ಮಾಡುವಂತಿಲ್ಲ ಅನ್ನುವುದು ವಿಷಯ. ಒಂದು ಪದದ ಬಗ್ಗೆ ನಿಮ್ಮ ಸಲಹೆ ಬೇಕು: ಜಪ್ತಿ.

ನಮ್ಮ ಕಡೆ ಈ ಪದ ಎಲ್ಲದಕ್ಕೂ ನಡೆಯುತ್ತದೆ. ಪೊಲೀಸರು ಮರಳಿನ ಲಾರಿ ಹಿಡಿದರೆ ಜಪ್ತಿ. ಕೋರ್ಟಿನ ಅಮೀನ ಬಂದು ಸಾಮಾನು ಬರೆದುಕೊಂಡರೆ ಜಪ್ತಿ. ಫೈನಾನ್ಸಿನವರು ಬೈಕ್ ಎಳೆದುಕೊಂಡು ಹೋದರೂ ಜಪ್ತಿ. ‘ಮನಿ ಜಪ್ತಿ ಮಾಡ್ತಾರಂತ್ರೀ’ ಅಂತ ಹೆದರಿದವರನ್ನು ಯಾರು ಮಾಡ್ತಾರೆ ಅಂತ ಕೇಳಿ ನೋಡಿ. ವಾರದ ಕಂತಿಗೆ ಬರುವ ಹುಡುಗನ ಹೆಸರು ಹೇಳುತ್ತಾರೆ!

ಆ ಹುಡುಗನಿಗೆ ಅಂಥ ಅಧಿಕಾರ ಇಲ್ಲವೇ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಸಾಲಕ್ಕೆ, ಅಂದರೆ ಇಂಥ ಸಂಘದ ಸಾಲಕ್ಕೆ, ಏನನ್ನೂ ಅಡ ಇಡಿಸಿಕೊಳ್ಳುವಂತಿಲ್ಲ. ಹಣ ಬರಲಿಲ್ಲ ಅಂದರೆ ಸಾಲ ಕೊಟ್ಟವರು ಕೋರ್ಟಿಗೆ ಹೋಗಿ ಡಿಕ್ರಿ (ಹಣ ಕೊಡಬೇಕೆಂಬ ತೀರ್ಪು) ತರಬೇಕು. ಆಮೇಲೂ ಕೋರ್ಟು ಎಲ್ಲವನ್ನೂ ಮುಟ್ಟುವ ಹಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಉಪಕರಣಗಳನ್ನು ಜಪ್ತಿಯಿಂದ ಹೊರಗಿಟ್ಟಿದೆ. ಧರ್ಮದ ರೂಢಿಯಂತೆ ಹೆಂಗಸರು ಮೈಮೇಲಿಂದ ತೆಗೆಯಬಾರದ ಒಡವೆಯನ್ನೂ ಬಿಟ್ಟಿದೆ. ನ್ಯಾಯಾಧೀಶರೇ ಮುಟ್ಟದ ಪಾತ್ರೆ-ಪಗಡವನ್ನು ‘ಜಪ್ತಿ ಮಾಡ್ತೀವಿ’ ಅಂತ ಏಜೆಂಟ್ ಹೇಳಿದಾಗ, ಆ ಮಾತಿಗೆ ಅಷ್ಟು ಬಲ ಬರುವುದು ಪದದಿಂದಲೇ ಅಂತ ನನಗೆ ಅನ್ನಿಸುತ್ತದೆ. ಜಪ್ತಿ ಅಂದ ಕೂಡಲೇ ಜನರ ಕಣ್ಣಿಗೆ ಸರ್ಕಾರ ಕಾಣುತ್ತದೆ.

ಹಾಗಾಗಿ ಕರಪತ್ರದಲ್ಲಿ ಜಪ್ತಿಯನ್ನು ಕೋರ್ಟು ಮತ್ತು ಸರ್ಕಾರಕ್ಕೆ ಮಾತ್ರ ಇಟ್ಟು, ಉಳಿದದ್ದಕ್ಕೆ ಬೇರೆ ಮಾತು ಬಳಸಬೇಕು ಅಂತ ನನ್ನ ಯೋಚನೆ. ತೊಡಕಿರುವುದು ವಾಹನ ಸಾಲದಲ್ಲಿ. ಅಲ್ಲಿ ಗಾಡಿಯೇ ಆಧಾರ. ಕರಾರಿನಲ್ಲಿ ಬರೆದಿದ್ದರೆ, ನೋಟಿಸ್ ಕೊಟ್ಟು, ಗೂಂಡಾಗಿರಿ ಮಾಡದೆ ಗಾಡಿ ವಾಪಸ್ ತಗೊಳ್ಳಬಹುದು. ಇದಕ್ಕೆ ಏನನ್ನೋಣ? ‘ಸೀಜ್’ ಅಂದರೆ ಮತ್ತೆ ಪೊಲೀಸರ ನೆನಪೇ ಬರುತ್ತದೆ. ‘ಮರುಸ್ವಾಧೀನ’ ಅಂತ ಬರೆದರೆ ಹಾಳೆ ನೇರ ಒಲೆಗೆ. ‘ಎಳೆದೊಯ್ಯುವುದು’ ನಿಜವಾದ ಮಾತೇ, ಆದರೆ ನಿಯಮ ಪಾಲಿಸಿ ಒಯ್ದವರನ್ನೂ ಕಳ್ಳರ ಸಾಲಿಗೆ ಸೇರಿಸಿಬಿಡುತ್ತದೆ. ‘ಗಾಡಿ ವಾಪಸ್ ಒಯ್ಯುವುದು’ ಅಂದರೆ ಸಾಕಾ?

ಇನ್ನೊಂದು ಪದ ತಗಾದೆ. ನಮ್ಮ ಬಾಯಲ್ಲಿ ತಗಾದಿ. ಉರ್ದುವಿನ ತಕಾಜಾ ಕಡೆಯಿಂದ ಬಂದದ್ದು. ಬಾಕಿ ಕೇಳುವುದೂ ತಗಾದೆ, ಜಗಳವೂ ತಗಾದೆ. ಕೊಟ್ಟ ಹಣ ಕೇಳುವುದು ತಪ್ಪಲ್ಲ. ಅದಕ್ಕೆ ತಗಾದೆ ಅನ್ನೋಣ, ಮಿತಿ ದಾಟಿದರೆ ಕಾಟ ಅನ್ನೋಣ ಅಂತಿದ್ದೇನೆ. ಮಿತಿ ಯಾವುದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವುದು, ನೆಂಟರಿಗೆ ತೊಂದರೆ ಕೊಡುವುದು, ಸಾಲಗಾರರ ಹೆಸರು ಬಯಲಿಗೆ ಹಾಕುವುದು ಎಲ್ಲ ಕಾಟವೇ. ಗೊತ್ತುಮಾಡಿದ ಜಾಗಕ್ಕೆ ಸಾಲಗಾರರು ಸತತ ಎರಡು ಸಲ ಬರದಿದ್ದರೆ ಮಾತ್ರ ಮನೆಗೆ ಹೋಗಬಹುದು. ರಾಜ್ಯದ 2025ರ ಕಾಯ್ದೆ ಬಳಸಿರುವುದು ‘ಬಲವಂತದ ಕ್ರಮ’ ಅನ್ನುವ ಮಾತು. ಶಿಕ್ಷೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಶಿಕ್ಷೆ ದೊಡ್ಡದು, ಮಾತು ಮಾತ್ರ ಸಪ್ಪೆ.

‘ಸುಸ್ತಿದಾರ’ ಅನ್ನುವುದನ್ನು ಕೈಬಿಟ್ಟಿದ್ದೇನೆ. ದುಡಿದು ಸುಸ್ತಾದವರಿಗೆ ಆ ಹೆಸರು ಬೇರೆ ಯಾಕೆ, ಅಲ್ವಾ? ‘ಕಂತು ಬಾಕಿ ಇರುವವರು’ ಅಂತ ಬರೆದಿದ್ದೇನೆ.

ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಕೈಯಲ್ಲಿದ್ದವು. ಬಳ್ಳಾರಿ 1953ರವರೆಗೆ ಮದ್ರಾಸಿನ ಜೊತೆ ಇತ್ತು. ಉರ್ದುವಿನಿಂದ ಬಂದ ಪದದ ಅರ್ಥ ಅಲ್ಲಿ ಬೇರೆ ಇರಬಹುದು. ಆದ್ದರಿಂದ ಬಳ್ಳಾರಿ, ಸಿರುಗುಪ್ಪ ಕಡೆಯವರನ್ನು ವಿಶೇಷವಾಗಿ ಕೇಳುತ್ತಿದ್ದೇನೆ. ನಿಮ್ಮ ಮನೆಯ ಹಿರಿಯರು ತಗಾದೆಯನ್ನು ಯಾವ ಅರ್ಥದಲ್ಲಿ ಆಡುತ್ತಾರೆ? ಜಗಳದ ಅರ್ಥವೇ ಜಾಸ್ತಿ ಇದ್ದರೆ, ‘ಬಾಕಿ ಕೇಳುವುದು’ ಅಂತ ಬಿಡಿಸಿಯೇ ಬರೆಯುತ್ತೇನೆ. ಹಾಳೆಯ ಕೆಳಗೆ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448 ಹಾಕಬೇಕು, ಜಾಗ ಕಮ್ಮಿ ಇದೆ. ಚಿಕ್ಕ ಪದ ಸಿಕ್ಕಷ್ಟೂ ಒಳ್ಳೆಯದು.