ಕಾಲಾಳುಗಳನ್ನು ಮೇಜಿನ ಮೇಲೆ ಎಲ್ಲಿ ನಿಲ್ಲಿಸೋದು? ಆಡಿದವರ ಅನುಭವ

ಕೇಳಿದ್ದು, ರಾಜಾಜಿನಗರದಿಂದ:
ನಾವು ಗೆಳೆಯರು ಭಾನುವಾರ ಸೇರಿ ವಾರ್‌ಹ್ಯಾಮರ್ 40,000 ಆಡುತ್ತೇವೆ, ಚಿಕ್ಕ ಬೊಂಬೆ ಸೈನಿಕರನ್ನು ಮೇಜಿನ ಮೇಲೆ ನಡೆಸುವ ಯುದ್ಧದ ಆಟ. 2023ರಲ್ಲಿ ಬಂದ 10ನೇ ಆವೃತ್ತಿಯ ನಿಯಮ. ನನ್ನ ಸೈನ್ಯದಲ್ಲಿ ಕಾಲಾಳುಗಳೇ ಜಾಸ್ತಿ. ಮುಂದೆ ತಂದರೆ ಸಾಯುತ್ತಾರೆ, ಹಿಂದೆ ಇಟ್ಟರೆ ಸುಮ್ನೆ ನಿಂತಿರುತ್ತಾರೆ. ಎಲ್ಲಿ, ಎಷ್ಟು ಅಂತರದಲ್ಲಿ ನಿಲ್ಲಿಸಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಬಸವನಗುಡಿಯಿಂದ:
ಕಾಲಾಳು ಇರೋದು ಜಾಗ ಹಿಡಿಯೋದಕ್ಕೆ, ಕೊಲ್ಲೋದು ಆಮೇಲಿನ ಮಾತು. ಆಡು-ಹುಲಿ ಆಟ ಆಡಿದ್ದೀರಲ್ವಾ? ಆಡು ಯಾವತ್ತೂ ಹುಲಿಯನ್ನು ಕೊಲ್ಲುವುದಿಲ್ಲ. ಹಿಂದಿನ ಮನೆ ಖಾಲಿ ಬಿಡದೆ, ಹುಲಿ ಹಾರೋಕೆ ಜಾಗವೇ ಇಲ್ಲದಂತೆ ಮಾಡಿ ಗೆಲ್ಲುತ್ತದೆ. ನಿಮ್ಮ ತುಕಡಿಯೂ ಅಷ್ಟೇ.

ಲೆಕ್ಕ ಹಾಕಿ ನೋಡಿ. ಡೀಪ್ ಸ್ಟ್ರೈಕ್‌ನಲ್ಲಿ, ಅಂದರೆ ಆಟದ ನಡುವೆ ನೇರವಾಗಿ ಮೇಜಿನ ಮೇಲೆ, ಇಳಿಯುವವರು ನಿಮ್ಮ ಎಲ್ಲ ಮಿನಿಗಳಿಂದಲೂ (ಬೊಂಬೆಗಳಿಂದಲೂ) 9 ಇಂಚಿಗಿಂತ ದೂರ ಇಳಿಯಬೇಕು. ಐದು ಜನರ ತುಕಡಿಯನ್ನು, ಅವರ ಬೇಸ್ (ಕಾಲಡಿಯ ಬಿಲ್ಲೆ) 32 ಮಿ.ಮೀ. ಆದರೆ, 2 ಇಂಚು ಅಂತರ ಬಿಟ್ಟು ಸಾಲಾಗಿ ನಿಲ್ಲಿಸಿ. ಸಾಲಿನ ಉದ್ದ ಸುಮಾರು 14 ಇಂಚು. ಎರಡೂ ಬದಿಗೆ 9 ಸೇರಿಸಿದರೆ 32. ಅಂದರೆ 60 ಇಂಚು ಉದ್ದದ ಮೇಜಿನಲ್ಲಿ ನಿಮ್ಮ ಹಿಂದಿನ ಅಂಚು ಕಾಯೋಕೆ ಇಂಥ ಎರಡೇ ತುಕಡಿ ಸಾಕು. ಅವರು ಒಂದು ಗುಂಡೂ ಹಾರಿಸದೆ ಇದ್ದರೂ ದೊಡ್ಡ ಕೆಲಸ ಮಾಡಿದ ಹಾಗೆ.

ಏಳು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಮಾತ್ರ ಹುಷಾರು. ಪ್ರತಿಯೊಬ್ಬನಿಗೂ 2 ಇಂಚಿನೊಳಗೆ ಇಬ್ಬರು ಜೊತೆಗಾರರು ಇರಲೇಬೇಕು. ಒಂದೇ ನೇರ ಸಾಲಿನಲ್ಲಿ ಹರಡಿದರೆ ಎರಡು ತುದಿಯವರು ನಿಯಮ ತಪ್ಪುತ್ತಾರೆ. ತುದಿಗಳಲ್ಲಿ ಮೂವರನ್ನು ತ್ರಿಕೋನದ ಹಾಗೆ ಹತ್ತಿರ ನಿಲ್ಲಿಸಿ, ನಡುವೆ ಹರಡಿ. ಪೆಟ್ಟು ಬಿದ್ದಾಗ ಯಾರನ್ನು ತೆಗೆಯಬೇಕು ಅನ್ನೋದು ನಿಮ್ಮ ಕೈಯಲ್ಲೇ ಇರುತ್ತದೆ, ಈಗಾಗಲೇ ಗಾಯಗೊಂಡವನು ಇದ್ದರೆ ಅವನು ಮೊದಲು ಹೋಗಬೇಕು ಅಷ್ಟೆ. ಸಾಲಿನ ನಡುವಿನವನನ್ನು ತೆಗೆದರೆ ತುಕಡಿ ಎರಡು ತುಂಡಾಗುತ್ತದೆ. ಟರ್ನ್ ಮುಗಿದಾಗ ಮತ್ತೆ ಒಂದಾಗುವವರೆಗೆ ನೀವೇ ಒಬ್ಬೊಬ್ಬರನ್ನು ತೆಗೆಯಬೇಕು. ಹಾಗಾಗಿ ನಿಲ್ಲಿಸುವಾಗಲೇ ಯಾರು ಮೊದಲು ಹೋಗಬೇಕು ಅಂತ ಯೋಚಿಸಿಡಿ. ಆಬ್ಜೆಕ್ಟಿವ್‌ನಿಂದ, ಅಂದರೆ ಹಿಡಿಯಬೇಕಾದ ಗುರುತಿನಿಂದ, 3 ಇಂಚಿನೊಳಗೆ ಇರುವವರು ಕೊನೆಯಲ್ಲಿ ಹೋಗಲಿ.

ಇಂದಿರಾನಗರದಿಂದ:
ಮೇಲಿನವರು ಹೇಳಿದ್ದು ಹಿಂಬದಿ ಕಾಯೋದರ ಬಗ್ಗೆ. ಮುಂದೆ ಹೋಗೋರ ಬಗ್ಗೆ ನಾನು ಹೇಳ್ತೀನಿ. ಟೇಪ್ ಕೈಯಲ್ಲೇ ಇರಲಿ. ಎದುರಾಳಿ 6 ಇಂಚು ನಡೆಯುತ್ತಾನೆ. ಚಾರ್ಜ್‌ಗೆ, ಅಂದರೆ ಮೈಮೇಲೆ ನುಗ್ಗೋದಕ್ಕೆ, ಎರಡು ದಾಳದ ಸರಾಸರಿ 7. ಕೊನೆಗೆ 1 ಇಂಚಿನೊಳಗೆ ಬಂದರೆ ಸಾಕು. ಒಟ್ಟು 14. ನೀವು 14 ಇಂಚು ದೂರ ನಿಂತರೆ ದಾಳ ಮತ್ತೆ ಎಸೆಯದೆಯೂ 36ರಲ್ಲಿ 21 ಸಲ ಅವನು ಮುಟ್ಟುತ್ತಾನೆ. 17ಕ್ಕೆ ಸರಿದರೆ 36ರಲ್ಲಿ 6 ಸಲ ಮಾತ್ರ. ಮೂರು ಇಂಚಿನ ವ್ಯತ್ಯಾಸ ನೋಡಿ! ನಡೆ ಮುಗಿಸೋ ಮೊದಲು ಇದನ್ನು ಅಳೆಯದವರು ದಾಳವನ್ನು ಬೈಯೋದು ನ್ಯಾಯ ಅಲ್ಲ.

ಮುಂದೆ ಪರದೆಯಂತೆ ಒಂದು ತುಕಡಿ ಬಿಟ್ಟರೆ, ಅದರ ಹಿಂದೆ ನಿಮ್ಮ ಮುಖ್ಯ ಘಟಕವನ್ನು ಅಂಟಿಸಿ ಇಡಬೇಡಿ. ಹೊಡೆದಾಟಕ್ಕೆ ಮುಂಚೆ 3 ಇಂಚು, ಮುಗಿದ ಮೇಲೆ 3 ಇಂಚು ಶತ್ರು ಸರಿಯಬಹುದು. ಪರದೆ ಸತ್ತ ಕೂಡಲೇ ಹಿಂದಿನವರ ಮೈಮೇಲೆ ಬರುತ್ತಾನೆ. 6 ಇಂಚು ಜಾಗ ಬಿಡಿ.

ಪಾಳು ಕಟ್ಟಡ ಇದ್ದರೆ ಅದರ ಹಿಂದೆ ನಿಲ್ಲಿ, ಒಳಗೆ ಕಾಲಿಡಬೇಡಿ. ಕಟ್ಟಡದಾಚೆಗೆ ಇರುವವರು ಕಾಣಿಸುವುದಿಲ್ಲ, ಒಳಗಿದ್ದವರು ಕಾಣಿಸುತ್ತಾರೆ. ಕಾಲಾಳು ಗೋಡೆ ದಾಟಿ ನಡೆಯಬಹುದು. ಆದ್ದರಿಂದ ಈ ಟರ್ನ್ ಹಿಂದೆ ಅಡಗಿ, ಮುಂದಿನ ಟರ್ನ್ ಗೋಡೆ ದಾಟಿ ಬನ್ನಿ. ಟೆರೇನ್ (ಮೇಜಿನ ಮೇಲಿನ ಕಟ್ಟಡ, ಗೋಡೆ) ಕಡಿಮೆ ಇದ್ದರೆ ಮೊದಲು ಅದನ್ನು ಮಾಡಿಕೊಳ್ಳಿ. ಟಿವಿ ಡಬ್ಬಿಯ ಥರ್ಮಾಕೋಲ್ ಸಾಕು. ಬೋಳು ಮೇಜಿನ ಮೇಲೆ ಯಾವ ತಂತ್ರವೂ ನಡೆಯಲ್ಲ.

ಮಲ್ಲೇಶ್ವರದಿಂದ:
ನಾನು ಬೋಲ್ಟ್ ಆ್ಯಕ್ಷನ್ ಆಡುವವನು, ಎರಡನೇ ಮಹಾಯುದ್ಧದ ಆಟ. ಇಲ್ಲಿ ಚೀಲದಿಂದ ಆರ್ಡರ್ ದಾಳ ತೆಗೆಯುತ್ತೇವೆ, ಯಾರ ದಾಳ ಬಂತೋ ಅವರು ಒಂದು ತುಕಡಿಗೆ ಆಜ್ಞೆ ಕೊಡುತ್ತಾರೆ. ಮುಂದಿನ ಸರದಿ ಯಾರದು ಅಂತ ಗೊತ್ತೇ ಇರುವುದಿಲ್ಲ. ಆದ್ದರಿಂದ ಒಂಟಿ ತುಕಡಿ ಎಲ್ಲಿ ನಿಂತರೂ ಅಪಾಯ. ಒಂದನ್ನು ಆ್ಯಂಬುಷ್‌ನಲ್ಲಿ (ಗುರಿ ಹಿಡಿದು ಕಾಯುವಂತೆ) ಇಟ್ಟು, ಅದು ನೋಡುವ ಜಾಗದೊಳಗೇ ಇನ್ನೊಂದನ್ನು ನಡೆಸುತ್ತೇನೆ. ರೈಫಲ್ 24 ಇಂಚು ಮುಟ್ಟುತ್ತದೆ, ಸಬ್‌ಮಷೀನ್‌ಗನ್ 12. ರೈಫಲ್‌ನವರು ಹಿಂದೆ, ಸಬ್‌ಮಷೀನ್‌ಗನ್‌ನವರು ಪೊದೆ ಬೇಲಿ ಹಿಡಿದು ಪಕ್ಕದಿಂದ. ಗುಂಡಿನ ದಾಳಿಯಿಂದ ಪಿನ್ (ಭಯದ ಗುರುತು) ಬಿದ್ದಷ್ಟೂ ಆರ್ಡರ್ ಪಾಲಿಸೋದು ಕಷ್ಟ ಆಗುತ್ತದೆ. ಹಾಗಾಗಿ ಎಲ್ಲರನ್ನೂ ಒಂದೇ ಮೆಷೀನ್‌ಗನ್‌ಗೆ ಕಾಣುವಂತೆ ನಿಲ್ಲಿಸಬೇಡಿ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ಕೇಳಲಾ? ನಮ್ಮ ಊಟದ ಮೇಜು 60 ಇಂಚು ಇಲ್ಲ. ಹತ್ತು ಜನರ ತುಕಡಿ ಅದರಲ್ಲಿ ಬರೀ ಗಿಜಿಗುಡುತ್ತದೆ. ಏನು ಮಾಡಲಿ?

ಬಸವನಗುಡಿಯಿಂದ:
ಇದೇ ಆಟದ ಚಿಕ್ಕ ರೂಪ ಕಾಂಬ್ಯಾಟ್ ಪ್ಯಾಟ್ರೋಲ್ ಆಡಿ, ಅದಕ್ಕೆ 44x30 ಇಂಚು ಸಾಕು. ದೊಡ್ಡ ಆಟದಲ್ಲೂ, ನಿಮ್ಮ ಸೈನ್ಯಕ್ಕೆ ಅವಕಾಶ ಇದ್ದರೆ, ಹತ್ತರ ಬದಲು ಐದೈದರ ಎರಡು ತುಕಡಿ ತಗೊಳ್ಳಿ. ಬ್ಲಾಸ್ಟ್ (ಸಿಡಿಯುವ) ಆಯುಧಗಳಿಗೆ ಗುರಿಯಲ್ಲಿ ಪ್ರತಿ ಐದು ಜನಕ್ಕೆ ಒಂದು ಏಟು ಜಾಸ್ತಿ ಸಿಗುತ್ತದೆ, ಹತ್ತು ಜನ ಒಟ್ಟಿಗಿದ್ದರೆ ಎರಡು. ಐದರ ಒಂದು ತುಕಡಿ 30 ಇಂಚಿನ ಅಂಚಿನ ನಡುವೆ ನಿಂತರೆ ಆ ಅಂಚು ಪೂರ್ತಿ ಮುಚ್ಚಿದ ಹಾಗೆ. ಉಳಿದವರೆಲ್ಲ ಆಬ್ಜೆಕ್ಟಿವ್ ಕಡೆ ಹೊರಡಲಿ.