ಬ್ರಹ್ಮಾಂಡಕ್ಕೆ ಉದ್ದೇಶ ಇದೆ ಅನ್ನೋದಕ್ಕೆ ಹಾಯ್ಲ್ ಅವರ ಕಾರ್ಬನ್ ಕಥೆ ಪುರಾವೆ ಆಗುತ್ತಾ?

ಕೋಟೆ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದವನು, ಬಿಎಸ್ಸಿ ಕೊನೇ ವರ್ಷ. ಮುಂದಿನ ವಾರ ನನ್ನ ಸೆಮಿನಾರ್ ಇದೆ. ನಕ್ಷತ್ರದೊಳಗೆ ಕಾರ್ಬನ್ ಹೇಗೆ ತಯಾರಾಗುತ್ತದೆ ಅನ್ನೋದು ವಿಷಯ. ಹುಡುಕುವಾಗ ಒಂದು ವಿಡಿಯೋ ಸಿಕ್ಕಿತು. ಕಾರ್ಬನ್ ಇಲ್ಲದಿದ್ದರೆ ಮನುಷ್ಯ ಇರುತ್ತಿರಲಿಲ್ಲ, ಮನುಷ್ಯ ಇದ್ದಾನೆ, ಹಾಗಾಗಿ ಕಾರ್ಬನ್ನಿನ ಪರಮಾಣುಬೀಜದಲ್ಲಿ ಇಂಥದ್ದೇ ಶಕ್ತಿಮಟ್ಟ (ಬೀಜ ಇರಬಲ್ಲ ಒಂದು ನಿಗದಿತ ಶಕ್ತಿ) ಇರಬೇಕು ಅಂತ ಬ್ರಿಟಿಷ್ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಲೆಕ್ಕ ಹಾಕಿದರಂತೆ. ಪ್ರಯೋಗ ಮಾಡಿದರೆ ನಿಜವಾಗಿಯೂ ಅಲ್ಲೇ ಇತ್ತಂತೆ. ಆ ಮಟ್ಟ ಕೂದಲೆಳೆ ಆಚೀಚೆ ಆಗಿದ್ದರೂ ನಾವಿಲ್ಲ, ಆದ್ದರಿಂದ ಇದೆಲ್ಲ ನಮಗಾಗಿಯೇ ಮಾಡಿದ್ದು ಅಂತ ವಿಡಿಯೋ ಮುಗಿಯುತ್ತದೆ.

ಅಪ್ಪನಿಗೆ ತೋರಿಸಿದೆ. "ಇನ್ನೇನು ಬೇಕೋ ನಿಂಗೆ, ದೇವರು ಕಣ್ಣೆದುರಿಗೇ ಇದ್ದಾನೆ" ಅಂದರು. ರೂಮ್‌ಮೇಟ್ "ಸುಮ್ನೆ ಕಾಕತಾಳೀಯ ಕಣೋ" ಅಂದ. ಇಬ್ಬರ ಮಾತೂ ನನಗೆ ಸಮಾಧಾನ ಕೊಡಲಿಲ್ಲ. ತಿಳಿದವರು ಹೇಳಿ.

ಕಾರ್ಕಳ ಮಾಸ್ಟ್ರು

ತಮ್ಮಾ, ಮೊದಲು ಕಥೆ ಸರಿ ಮಾಡಿಕೊಳ್ಳೋಣ, ದೇವರು ಆಮೇಲೆ. ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಈ ವಿಡಿಯೋ ನನಗೂ ಬಂದಿದೆ. ಕಳಿಸಿದ್ದು ಹಳೇ ವಿದ್ಯಾರ್ಥಿಯೇ!

ಕಾರ್ಬನ್ ಆಗಬೇಕಾದರೆ ಮೂರು ಹೀಲಿಯಂ ಪರಮಾಣುಬೀಜಗಳು ಸೇರಬೇಕು. ಮೂರೂ ಒಂದೇ ಏಟಿಗೆ ಸೇರುವುದು ಕಷ್ಟ. ಎರಡು ಸೇರಿದರೆ ಬೆರಿಲಿಯಂ-8 ಆಗುತ್ತದೆ. ಅದರ ಆಯಸ್ಸು ಸೆಕೆಂಡಿನ ಕೋಟಿ ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರೊಳಗೆ ಮೂರನೆಯದು ಬಂದು ತಾಗಬೇಕು. ತಾಗಿದರೂ ಸಾಲದು, ಆ ಶಕ್ತಿಗೆ ಹೊಂದುವ ಒಂದು ಮಟ್ಟ ಕಾರ್ಬನ್ನಿನಲ್ಲಿ ಇದ್ದರೆ ಮಾತ್ರ ಸಾಕಷ್ಟು ಕಾರ್ಬನ್ ಉಳಿಯುತ್ತದೆ. ಅಂಥ ಮಟ್ಟ ಇರಲೇಬೇಕು ಅಂತ ಹಾಯ್ಲ್ ಹೇಳಿದ್ದು ನಿಜ. 1953ರಲ್ಲಿ ಅಮೆರಿಕದ ಕಾಲ್ಟೆಕ್ ಎಂಬ ವಿದ್ಯಾಸಂಸ್ಥೆಯವರು ಅಳೆದು ನೋಡಿದರು, ಸಿಕ್ಕಿತು. ಈಗಿನ ಲೆಕ್ಕದಲ್ಲಿ 7.65 ಮೆಗಾ ಎಲೆಕ್ಟ್ರಾನ್ ವೋಲ್ಟ್. ಎಲೆಕ್ಟ್ರಾನ್ ವೋಲ್ಟ್ ಅಂದರೆ ಇಂಥ ಪುಟ್ಟ ಶಕ್ತಿ ಅಳೆಯುವ ಮಾನ, ಒಂದು ಮೆಗಾ ಅಂದರೆ ಸಾವಿರ ಕಿಲೋ.

ಆದರೆ ಹಾಯ್ಲ್ ಆಗ ಮನುಷ್ಯನ ಬಗ್ಗೆ ಯೋಚನೆ ಮಾಡಿರಲಿಲ್ಲ. ಧಾತುಗಳೆಲ್ಲ ನಕ್ಷತ್ರದಲ್ಲೇ ಬೇಯುತ್ತವೆ ಎಂಬುದು ಅವರ ವಾದ. ಹಾಗಾದರೆ ಲೋಕದಲ್ಲಿ ಕಾಣುವಷ್ಟು ಕಾರ್ಬನ್ ಎಲ್ಲಿಂದ ಬಂತು ಅನ್ನುವುದು ಅವರ ತಲೆನೋವು. ಡೆನ್ಮಾರ್ಕಿನ ವಿಜ್ಞಾನ ಇತಿಹಾಸಕಾರ ಹೆಲ್ಗೆ ಕ್ರಾಗ್ ಹಳೇ ದಾಖಲೆ ಜಾಲಾಡಿ ಇದನ್ನು ತೋರಿಸಿದ್ದಾರೆ. 'ನಾವಿದ್ದೇವೆ, ಆದ್ದರಿಂದ' ಅನ್ನುವ ಬಾಲ ಎಷ್ಟೋ ವರ್ಷದ ಮೇಲೆ ಅಂಟಿಕೊಂಡಿದ್ದು. ಹಾಯ್ಲ್ ಅವರೂ 1981ರ ಹೊತ್ತಿಗೆ, ಯಾವುದೋ ದೊಡ್ಡ ಬುದ್ಧಿ ಭೌತಶಾಸ್ತ್ರದಲ್ಲಿ ಕೈಯಾಡಿಸಿದ ಹಾಗಿದೆ ಎಂಬ ಅರ್ಥದಲ್ಲಿ ಬರೆದರು. ಅದನ್ನು ಮುಚ್ಚಿಡುವುದು ಬೇಡ. ಆದರೆ ಅಳತೆ ಬೇರೆ, ಅಳೆದಾದ ಮೇಲೆ ಮನಸ್ಸಿಗೆ ಅನಿಸಿದ್ದು ಬೇರೆ.

'ಕೂದಲೆಳೆ' ಅನ್ನುವುದೂ ಉತ್ಪ್ರೇಕ್ಷೆ. 1989ರಲ್ಲಿ ಖಗೋಳ ಭೌತವಿಜ್ಞಾನಿ ಮಾರಿಯೋ ಲಿವಿಯೋ ಮತ್ತು ಜೊತೆಯವರು ಆ ಮಟ್ಟವನ್ನು ಲೆಕ್ಕದಲ್ಲಿ 60 ಕಿಲೋ ಎಲೆಕ್ಟ್ರಾನ್ ವೋಲ್ಟ್ ಮೇಲಕ್ಕೆ ಸರಿಸಿ ನೋಡಿದರು. ಕಾರ್ಬನ್ನಿಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಇನ್ನೂ ಜಾಸ್ತಿ ಸರಿಸಿದರೆ ಬೀಳುತ್ತದೆ, ಅದೂ ನಿಜ.

ಇನ್ನು ನಿನ್ನ ಅಸಲು ಪ್ರಶ್ನೆ. ನಾನು ಹುಟ್ಟಿನಿಂದ ಜೈನ. ನಮ್ಮ ಮನೆಯಲ್ಲಿ ಕತ್ತಲಾಗುವ ಮೊದಲೇ ಊಟ, ನೀರು ಸೋಸಿಯೇ ಕುಡಿಯುವುದು. ಚಿಕ್ಕವನಿದ್ದಾಗ ಒಮ್ಮೆ ಅಮ್ಮನನ್ನು ಕೇಳಿದ್ದೆ, "ದೇವರು ಇದನ್ನೆಲ್ಲ ಯಾಕೆ ಮಾಡಿದ್ದು?" ಅಂತ. ಬಟ್ಟೆಯಲ್ಲಿ ನೀರು ಸೋಸುತ್ತಿದ್ದವರು ತಲೆಯನ್ನೂ ಎತ್ತಲಿಲ್ಲ. "ಮಾಡಿದ್ದು ಅಂತ ನಿನಗೆ ಯಾರು ಹೇಳಿದ್ದು ಮಾರಾಯ?" ಅಂದರು.

ನಮ್ಮಲ್ಲಿ ಲೋಕಕ್ಕೆ ಆದಿಯೂ ಇಲ್ಲ, ಕರ್ತನೂ ಇಲ್ಲ. ಒಂಬತ್ತನೇ ಶತಮಾನದಲ್ಲಿ ನೃಪತುಂಗ ಅಮೋಘವರ್ಷನ ಗುರುಗಳಾಗಿದ್ದ ಜಿನಸೇನಾಚಾರ್ಯರು ತಮ್ಮ ಆದಿಪುರಾಣದಲ್ಲಿ ಇದನ್ನು ಬಿಡಿಸಿ ಕೇಳಿದ್ದಾರೆ. ಲೋಕ ಆಗುವ ಮೊದಲು ಅದನ್ನು ಮಾಡಿದವನು ಎಲ್ಲಿದ್ದ? ಅವನಿಗೆ ಯಾವ ಕೊರತೆಯೂ ಇಲ್ಲದಿದ್ದರೆ ಮಾಡಬೇಕು ಅನ್ನುವ ಆಸೆ ಯಾಕೆ ಬಂತು? ಕೊರತೆ ಇತ್ತು ಅಂದರೆ, ಕುಂಬಾರನಿಂದ ಲೋಕ ಮಾಡಲು ಆಗದ ಹಾಗೆ ಅವನಿಂದಲೂ ಆಗದು. ಜೀವಿಗಳ ಮೇಲಿನ ಪ್ರೀತಿಯಿಂದ ಮಾಡಿದ್ದಾದರೆ ದುಃಖ ಯಾಕಿಟ್ಟ? ಸೆಮಿನಾರಿನ ಕೊನೆಯಲ್ಲಿ ಬರುವ ಪ್ರಶ್ನೆಗಳಿಗಿಂತ ಇವು ಚೂಪಾಗಿವೆ, ಅಲ್ವಾ?

ಸುಧಾ ಮೈಸೂರು

ಮಾಸ್ಟ್ರೇ, ಜಿನಸೇನರು ಅದೇ ಜಾಗದಲ್ಲಿ ಲೀಲೆಯನ್ನೂ ಎತ್ತಿಕೊಂಡು, ಆಟಕ್ಕೆ ಮಾಡಿದ್ದಾದರೆ ಅದು ಹುಡುಗಾಟ ಅಂತ ತಳ್ಳಿಹಾಕುತ್ತಾರೆ. ಅದನ್ನು ನೀವು ಹೇಳದೇ ಬಿಟ್ಟಿರಿ. ನಮ್ಮ ವೇದಾಂತದ ಕಡೆಯವರ ಉತ್ತರ ಇರುವುದು ಅಲ್ಲೇ. ಪೂರ್ಣನಾದವನಿಗೆ ಪ್ರಯೋಜನ ಏನು ಎಂಬ ಆಕ್ಷೇಪ ಬ್ರಹ್ಮಸೂತ್ರದಲ್ಲೇ ಇದೆ. ಮುಂದಿನ ಸೂತ್ರ 'ಲೀಲೆ' ಅನ್ನುತ್ತದೆ. ಅದಕ್ಕೆ ಮಧ್ವಾಚಾರ್ಯರು ಕೊಟ್ಟ ಉದಾಹರಣೆ ನೋಡಿ: ಮತ್ತೇರಿದವನು ಸಂತೋಷ ಉಕ್ಕಿ ಹಾಡುತ್ತಾನೆ, ಕುಣಿಯುತ್ತಾನೆ. ಏನೋ ಸಿಗಲಿ ಅಂತ ಕುಣಿಯುವುದಿಲ್ಲ. ಆಸೆ ಇದ್ದರೆ ತಾನೇ ಕೊರತೆ? ನಮ್ಮ ಅತ್ತೆ ದಿನಾ ಪಾರಾಯಣ ಮಾಡುವವರು. ದೇವರಿಗೆ ನಾವು ಬೇಕು ಅಂತಲ್ಲ, ನಮಗೆ ಅವನು ಬೇಕು ಅಂತ ಅವರ ಮಾತು.

ನೈಟ್ ಶಿಫ್ಟ್

ಪ್ರಜ್ಞೆ ಬಗ್ಗೆ ಯಾರೂ ಮಾತಾಡಲಿಲ್ಲ. ಕಲ್ಲಿಗೂ ಎಲೆಕ್ಟ್ರಾನ್‌ಗೂ ಒಂಚೂರು ಪ್ರಜ್ಞೆ ಇದೆ ಅಂತ ಈಗ ಕೆಲವು ತತ್ವಜ್ಞಾನಿಗಳು ಗಂಭೀರವಾಗಿಯೇ ಹೇಳುತ್ತಿದ್ದಾರೆ. ಮನುಷ್ಯನ ತಲೆಯಲ್ಲೇ ಅದು ಹೇಗೆ ಹುಟ್ಟುತ್ತದೆ ಅಂತ ಗೊತ್ತಿಲ್ಲ, ಅದು ಬೇರೆ ಮಾತು. 25 ವರ್ಷದೊಳಗೆ ಮಿದುಳಿನಲ್ಲಿ ಅದರ ಗುರುತು ಹಿಡಿಯುತ್ತೇವೆ ಅಂತ 1998ರಲ್ಲಿ ಮಿದುಳು ವಿಜ್ಞಾನಿ ಕ್ರಿಸ್ಟಾಫ್ ಕೋಕ್ ಪಂದ್ಯ ಕಟ್ಟಿದ್ದರು. 2023ರಲ್ಲಿ ಸೋತು, ಎದುರು ಪಂದ್ಯ ಕಟ್ಟಿದ್ದ ತತ್ವಜ್ಞಾನಿ ಡೇವಿಡ್ ಚಾಮರ್ಸ್‌ಗೆ ವೈನ್ ಕೊಟ್ಟರು. ನಾನಂತೂ ಸರ್ವರ್ ಬಿದ್ದ ರಾತ್ರಿ ಮಾತ್ರ ಆಸ್ತಿಕ.

ಕಾರ್ಕಳ ಮಾಸ್ಟ್ರು

ಸುಧಾ ಅಮ್ಮಾ, ಬಿಟ್ಟಿದ್ದನ್ನು ಹಿಡಿದಿರಿ. ಕುಣಿತದ ಉದಾಹರಣೆ ನನಗೆ ಬಹಳ ಇಷ್ಟ. ಒಪ್ಪುವುದಿಲ್ಲ, ಆದರೂ ಇಷ್ಟ. ದುಃಖದ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ನೀವು ಅದಕ್ಕೆ ಕರ್ಮ ಅನ್ನುತ್ತೀರಿ. ಹಾಗಾದರೆ ಕರ್ತ ಯಾಕೆ ಬೇಕು ಅಂತ ನಾನು ಕೇಳುತ್ತೇನೆ. ಈ ಜಗಳ ಸಾವಿರ ವರ್ಷ ನಡೆದಿದೆ, ನಾವಿಬ್ಬರು ಇವತ್ತು ಮುಗಿಸಲಾರೆವು.

ಆದರೆ ಒಂದು ನೋಡಿ. ಕರ್ತನೇ ಇಲ್ಲ ಅನ್ನುವ ನಾವೂ, ಆನಂದಕ್ಕೆ ಸೃಷ್ಟಿ ಅನ್ನುವ ನೀವೂ, ಲೋಕ ಯಾವುದೋ ಗುರಿ ಮುಟ್ಟಲು ತಯಾರಾದ ಯಂತ್ರ ಅನ್ನುವುದಿಲ್ಲ. ಹುಡುಗನ ವಿಡಿಯೋ ಹೇಳುವುದು ಅದನ್ನೇ. ಯಾರೋ ಎಂಜಿನಿಯರ್ ಕೂತು ಮನುಷ್ಯನಿಗಾಗಿ ಯಂತ್ರದ ನಾಬ್ ತಿರುಗಿಸಿದ ಅಂತ. ಅದು ನಿಮ್ಮ ಅತ್ತೆಯ ದೇವರೂ ಅಲ್ಲ ಅನಿಸುತ್ತದೆ. 1380 ಕೋಟಿ ವರ್ಷ, ಎಲ್ಲಿ ನೋಡಿದರೂ ಖಾಲಿ ಜಾಗ, ಸೊನ್ನೆಗಿಂತ 270 ಡಿಗ್ರಿ ಕೆಳಗಿನ ಚಳಿ. ನಮಗಾಗಿ ಕಟ್ಟಿದ ಮನೆ ಅಂದರೆ ನನಗೆ ನಗು ಬರುತ್ತದೆ.

ನೈಟ್ ಶಿಫ್ಟ್ ಅವರೇ, ಕಲ್ಲು ಮಣ್ಣಿನಲ್ಲೂ ಜೀವ ಇದೆ ಅಂತ ನಮ್ಮಲ್ಲಿ ಹಿಂದಿನಿಂದಲೂ ಹೇಳುತ್ತಾರೆ. ಒಂದೇ ಇಂದ್ರಿಯ, ಸ್ಪರ್ಶ. ಆದರೆ ಒಂದೊಂದು ಜೀವವೂ ಬೇರೆ ಬೇರೆ, ಬ್ರಹ್ಮಾಂಡಕ್ಕೆಲ್ಲ ಸೇರಿ ಒಂದು ಮನಸ್ಸು ಅಂತ ಇಲ್ಲ. ಇದನ್ನು ಪ್ರಯೋಗದಲ್ಲಿ ತೋರಿಸಿ ಅಂದರೆ ನನ್ನ ಕೈಯಲ್ಲಿ ಆಗುವುದಿಲ್ಲ. ನೀರು ಸೋಸುವುದನ್ನು ಬಿಡುವುದೂ ಇಲ್ಲ.

ಕೋಟೆ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಕುಣಿತದ ಮಾತು ಅವರಿಗೆ ಹಿಡಿಸಿತು. ಜಿನಸೇನರ ಪ್ರಶ್ನೆಗೆ "ದೊಡ್ಡವರ ಹತ್ತಿರ ಎದುರು ಮಾತಾಡಬಾರದು" ಅಂದರು, ಯಾರಿಗೆ ಅಂದರೋ ಗೊತ್ತಾಗಲಿಲ್ಲ. ಮಾಸ್ಟ್ರೇ, ಸೆಮಿನಾರಿನಲ್ಲಿ ಇದನ್ನೂ ಸೇರಿಸಲಾ?

ಕಾರ್ಕಳ ಮಾಸ್ಟ್ರು

ಬೇಡ. ಕೊಟ್ಟ ವಿಷಯ ಕಾರ್ಬನ್, ಅದನ್ನೇ ಹೇಳು. ಬೆರಿಲಿಯಂ ಹೆಜ್ಜೆಯನ್ನು ಬೋರ್ಡ್ ಮೇಲೆ ದೊಡ್ಡದಾಗಿ ಬಿಡಿಸು, ಎಲ್ಲರೂ ಎಡವುವುದು ಅಲ್ಲೇ. ಉದ್ದೇಶದ ಬಗ್ಗೆ ಯಾರಾದರೂ ಕೇಳಿದರೆ ಆಗ ಜಿನಸೇನರನ್ನು ಕರೆ. ಮತ್ತೆ 7.65 ಪಕ್ಕದಲ್ಲಿ ಮೆಗಾ ಅಂತ ಬರೆ. ನಿನ್ನ ವಿಡಿಯೋದವನು ಕಿಲೋ ಅಂತ ಹಾಕಿದ್ದಾನೆ.